ಬಾಳಂತಿ ಕೋಣೆಯಲ್ಲಿ ಲ್ಯಾಂಬೋರ್ಗಿನಿ

ನಮ್ಮ ಕಡೆ ಮನೆಗಳಲ್ಲಿ ಖಾಲಿ ಕೋಣೆ ಅಂತ ಒಂದು ಇರುವುದೇ ಇಲ್ಲ. ಇದೆ ಅಂತ ಯಾರಾದರೂ ವಾದಿಸಿದರೆ ಅವರು ಮಾರ್ಚ್ ತಿಂಗಳಲ್ಲಿ ಬಂದು ಚಾ ಕುಡಿದು ಹೋದವರು ಅಂತ ತಿಳಿಯಿರಿ. ಅಂಕೋಲೆಯ ಯಾವ ಹಳೇ ಮನೆಗಾದರೂ ಮೇ ತಿಂಗಳಲ್ಲಿ ಬನ್ನಿ. ಅದೇ ಖಾಲಿ ಕೋಣೆಯಲ್ಲಿ ಹುಲ್ಲು ಹಾಸಿ ಕರಿ ಇಶಾಡ ಮಾವಿನಕಾಯಿಗೆ ಅಡೆ ಹಾಕಿರುತ್ತಾರೆ. ಅದು ಮುಗಿಯುವ ಹೊತ್ತಿಗೆ ಒಣಮೀನಿನ ಡಬ್ಬಿ, ಒಣಶೆಟ್ಲಿ, ಮುರುಗಲು ಸಿಪ್ಪೆ, ಉಪ್ಪಿನಕಾಯಿ ಭರಣಿ, ಸಾಣಿಕಟ್ಟೆಯ ಉಪ್ಪಿನ ಚೀಲ ಒಂದೊಂದಾಗಿ ಒಳಗೆ ಬರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಊಟದ ತಟ್ಟೆಯ ಮರ್ಯಾದೆ ಕಾಯುವುದು ಇದೇ ಕೋಣೆ. ಚೌತಿಗೆ ಮುಂಬಯಿಯಿಂದ ನೆಂಟರು ಬಂದರೆ ಹುಡುಗರು ಅಲ್ಲೇ ಸಾಲಾಗಿ ಮಲಗುತ್ತಾರೆ. ದೀಪಾವಳಿ ಕಳೆದರೆ ಭತ್ತ, ಭತ್ತ ಕಳೆದರೆ ತೆಂಗಿನಕಾಯಿ. ಕೋಣೆಗೂ ಒಂದು ಪಂಚಾಂಗ ಇದೆ, ಅದರಲ್ಲಿ ಫಾಲ್ಗುಣ ಒಂದೇ ಅದಕ್ಕೆ ರಜೆ.

ಇಂಥ ತಾಲ್ಲೂಕಿನಲ್ಲಿ ನಮ್ಮ ಭಾವ ತಮಗೊಂದು ಕೋಣೆ ಬೇಕು ಅಂದರು. ಬಾಡಿಗೆಗೆ ಕೊಡಲಿಕ್ಕಲ್ಲ, ಮಗ ಸೊಸೆ ಬಂದರೆ ಇರಲಿ ಅಂತಲೂ ಅಲ್ಲ. ಅಂಗೈಯಲ್ಲಿ ಹಿಡಿಯುವ ಕಾರು, ಗೇಣುದ್ದದ ವಿಮಾನ, ಮೊಳದುದ್ದದ ಹಡಗುಗಳನ್ನು ಸಾಲಾಗಿ ಇಟ್ಟು ನೋಡಲಿಕ್ಕೆ.

ಆಟಿಕೆ ಅಂದರೆ ಭಾವನಿಗೆ ಸಿಟ್ಟು ಬರುತ್ತದೆ. ಅವು ‘ಮಾಡೆಲ್’. ಆಟಿಕೆಯನ್ನು ಮಕ್ಕಳು ಮುರಿಯುತ್ತಾರೆ, ಮಾಡೆಲನ್ನು ಮಕ್ಕಳಿಗೆ ಮುಟ್ಟಲೂ ಕೊಡುವುದಿಲ್ಲ. ಇಷ್ಟೇ ವ್ಯತ್ಯಾಸ ಅಂತ ನಾನು ಹೇಳಿದ್ದಕ್ಕೆ ಒಂದು ವಾರ ಫೋನು ಬಂದಿರಲಿಲ್ಲ. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಬೇರೆಯವರ ನೋಟು ಎಣಿಸಿದ ಮನುಷ್ಯ, ನಿವೃತ್ತಿಯಾದ ಮೇಲೆ ಸ್ವಂತದ್ದು ಏನಾದರೂ ಎಣಿಸಬೇಕು ಅನ್ನಿಸಿರಬೇಕು. ಮೊದಮೊದಲು ಕಾರುಗಳು ಕಪಾಟಿನ ಮೇಲೆ, ಮಂಚದ ಕೆಳಗೆ, ಹಳೇ ಮಿಕ್ಸರಿನ ಖಾಲಿ ಡಬ್ಬಿಯಲ್ಲಿ ತಲೆಮರೆಸಿಕೊಂಡಿದ್ದವು. ಕೊರಿಯರ್ ಹುಡುಗ ಬಂದಾಗಲೆಲ್ಲ ಭಾವ ಗೇಟಿಗೆ ಓಡಿ, ‘ಬಿ.ಪಿ. ಮಾತ್ರೆ’ ಅಂತ ಒಳಗೆ ಕೂಗಿ ಹೇಳುತ್ತಿದ್ದರು. ಅಕ್ಕ ಪಾಪ ಗಂಡನ ರಕ್ತದೊತ್ತಡಕ್ಕೆ ಹೆದರಿ ಅಡುಗೆಗೆ ಉಪ್ಪು ಕಡಿಮೆ ಮಾಡಿದಳು. ಒಂದು ದಿನ ಗೋಧಿ ಡಬ್ಬಿಯಿಂದ ಕೆಂಪು ಲ್ಯಾಂಬೋರ್ಗಿನಿ ಹೊರಬಂತು. ಅವತ್ತಿನಿಂದ ಮನೆಯಲ್ಲಿ ಉಪ್ಪೂ ಜೋರು, ಮಾತೂ ಜೋರು.

ಬಚ್ಚಿಡುವ ಕಾಲ ಮುಗಿಯಿತು ಅಂದಮೇಲೆ ಭಾವ ಪಾಠ ಶುರುಮಾಡಿದರು. ಇಂಗ್ಲೆಂಡಿನ ಜ್ಯಾಕ್ ಓಡೆಲ್ ಎಂಬ ಎಂಜಿನಿಯರನ ಮಗಳ ಶಾಲೆಯಲ್ಲಿ ಒಂದು ನಿಯಮವಿತ್ತಂತೆ: ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟು ಸಣ್ಣ ಆಟಿಕೆ ಮಾತ್ರ ತರಬಹುದು. ಅಪ್ಪ ಪುಟ್ಟದೊಂದು ರೋಡ್ ರೋಲರ್ ಮಾಡಿಕೊಟ್ಟ. ಅದರಿಂದ 1953ರಲ್ಲಿ ‘ಮ್ಯಾಚ್‌ಬಾಕ್ಸ್’ ಕಾರುಗಳು ಬಂದವು. 1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ 16 ಕಾರುಗಳೊಂದಿಗೆ ‘ಹಾಟ್ ವೀಲ್ಸ್’ ಬಿಟ್ಟಿತು. ನಮ್ಮ ದೇಶವೇನೂ ಹಿಂದೆ ಬಿದ್ದಿರಲಿಲ್ಲ. ಬ್ರಿಟನ್ನಿನ ಡಿಂಕಿ ಕಂಪನಿಯ ಹಳೇ ಅಚ್ಚುಗಳನ್ನು ತರಿಸಿಕೊಂಡು ಕಲ್ಕತ್ತದಲ್ಲಿ ‘ನಿಕ್ಕಿ’ ಎಂಬ ಹೆಸರಿನಲ್ಲಿ ಕಾರು ಎರಕ ಹೊಯ್ಯುತ್ತಿದ್ದರು, ಇವತ್ತು ಅವಕ್ಕೆ ವಿದೇಶದಲ್ಲೂ ಗಿರಾಕಿಗಳಿದ್ದಾರೆ. ಅಕ್ಕ ಬಂಗಡೆ ಹೆಚ್ಚುತ್ತ ಎಲ್ಲ ಕೇಳಿದಳು. ಕೊನೆಗೆ, “ಆ ಅಪ್ಪ ಮಗಳಿಗೆ ಮಾಡಿಕೊಟ್ಟ. ನೀವು ಯಾರ ಮಗಳಿಗೆ ತರ್ತಿದ್ರಿ?” ಅಂತ ಒಂದೇ ಪ್ರಶ್ನೆ ಕೇಳಿದಳು. ಭಾವ ತರಗತಿ ಬಿಟ್ಟು ಜಗಲಿಗೆ ಹೋದರು.

ಅಳತೆಯ ಲೆಕ್ಕವೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನ ಜಗಳ ಅರ್ಥವಾಗುವುದಿಲ್ಲ. ಈ ಸಣ್ಣ ಕಾರುಗಳದ್ದು ಹೆಸರಿಗೆ 1:64, ಅಂದರೆ ನಿಜವಾದ ಕಾರಿನ ಅರುವತ್ತನಾಲ್ಕನೇ ಒಂದು ಪಾಲು. ಹೆಸರಿಗೆ ಅಂದೆ. ಎಲ್ಲವೂ ಒಂದೇ ಗಾತ್ರದ ಪ್ಯಾಕೆಟ್ಟಿನಲ್ಲಿ ಹಿಡಿಸಬೇಕಲ್ಲ, ಹಾಗಾಗಿ ಆ ಲೋಕದಲ್ಲಿ ಬಸ್ಸೂ ಪುಟ್ಟ ಕಾರೂ ಹೆಚ್ಚುಕಮ್ಮಿ ಒಂದೇ ಉದ್ದ. ಇಂಥ ಸಮಾನತೆ ರಸ್ತೆಯ ಮೇಲೆ ಬಂದರೆ ಅರಬೈಲು ಘಟ್ಟದಲ್ಲಿ ಯಾರೂ ಯಾರಿಗೂ ದಾರಿ ಬಿಡಬೇಕಾಗುವುದಿಲ್ಲ. 1:18 ಅಳತೆಯ ಕಾರಾದರೆ ಕಾಲು ಮೀಟರ್ ಉದ್ದ ಬರುತ್ತದೆ, ಬಾಗಿಲು ತೆರೆಯುತ್ತದೆ, ಸ್ಟಿಯರಿಂಗ್ ತಿರುಗುತ್ತದೆ, ಬೆಲೆ ಕೇಳಿದರೆ ತಲೆಯೂ ತಿರುಗುತ್ತದೆ. ಭಾವ ಬೆಲೆಯನ್ನು ಮಾತ್ರ ಯಾವಾಗಲೂ 1:10 ಅಳತೆಯಲ್ಲಿ ಹೇಳುತ್ತಾರೆ.

ಹಾಗಂತ ಸಣ್ಣ ಸಾಮಾನು ಜೋಡಿಸಿ ನೋಡುವುದು ನಮಗೆ ಹೊಸತೇನಲ್ಲ. ಮೈಸೂರಿನವರು ನವರಾತ್ರಿಗೆ ಮೆಟ್ಟಿಲು ಕಟ್ಟಿ ಪಟ್ಟದ ಗೊಂಬೆ ಕೂರಿಸುತ್ತಾರೆ. ಬೆಳಗಾವಿಯ ಹುಡುಗರು ದೀಪಾವಳಿಗೆ ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟಿ ಶಿವಾಜಿ ಮಹಾರಾಜರನ್ನೂ ಮಾವಳೆ ಸೈನಿಕರನ್ನೂ ಏರಿಸುತ್ತಾರೆ. ಕಾರವಾರದ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ಬಂದರೆ ಗೋದಲಿ. ಹುಲ್ಲಿನ ಮಾಡು, ಬೆರಳುದ್ದದ ಕುರಿ, ದನ, ಮೂವರು ಅರಸರು. ಇವುಗಳ ಜಾಣತನ ಎಲ್ಲಿದೆ ಅಂದರೆ, ಹಬ್ಬ ಮುಗಿದ ಮೇಲೆ ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸಿಬಿಡುತ್ತಾರೆ. ಕೋಣೆ ಕೋಣೆಯಾಗಿಯೇ ಉಳಿಯುತ್ತದೆ. ಭಾವನ ಹಬ್ಬಕ್ಕೆ ವಿಸರ್ಜನೆಯೇ ಇಲ್ಲ, ತೊಂದರೆ ಅದೇ.

ವರ್ಷವಿಡೀ ಇಟ್ಟು ನೋಡುವ ಚಾಳಿಯೂ ಇತ್ತು ಅನ್ನಿ. ಅದಕ್ಕೆ ಪಡಸಾಲೆಯ ಗೋಡೆಯಲ್ಲೇ ‘ಶೋಕೇಸ್’ ಅಂತ ಗಾಜಿನ ಗೂಡು. ನಮ್ಮ ಕರಾವಳಿಯ ಶೋಕೇಸಿನಲ್ಲಿ ಏನೇನಿರುತ್ತಿತ್ತು! ಕನ್ಯಾಕುಮಾರಿಯಿಂದ ತಂದ ಚಿಪ್ಪಿನ ಹಡಗು, ಆಗ್ರಾಕ್ಕೆ ಹೋಗದವರ ಮನೆಯಲ್ಲೂ ಒಂದು ತಾಜಮಹಲು, ಮಸ್ಕತ್ತಿನಲ್ಲಿದ್ದ ಚಿಕ್ಕಪ್ಪ ಕೊಟ್ಟ ಒಂಟೆ, ಕುಮಟೆಯ ಗುಡಿಗಾರರು ಕೆತ್ತಿದ ಗಂಧದ ಆನೆ, ಪ್ಲಾಸ್ಟಿಕ್ ದ್ರಾಕ್ಷಿಗೊಂಚಲು, ಮಗನಿಗೆ ಕಬಡ್ಡಿಯಲ್ಲಿ ಸಿಕ್ಕ ಕಪ್ಪು, ಅದರೊಳಗೆ ಮನೆಯ ಎಲ್ಲ ಬೀಗದ ಕೈಗಳು. ಆನೆಗಿಂತ ದ್ರಾಕ್ಷಿ ದೊಡ್ಡದು, ತಾಜಮಹಲಿಗಿಂತ ಒಂಟೆ ಎತ್ತರ. ಅಳತೆಯ ಬಗ್ಗೆ ಯಾರೂ ತಕರಾರು ತೆಗೆದದ್ದಿಲ್ಲ. ನನ್ನನ್ನು ಕೇಳಿದರೆ ಆ ಶೋಕೇಸೇ ಚೆನ್ನ. ಅಲ್ಲಿ ಒಂದೊಂದು ವಸ್ತುವಿನ ಹಿಂದೆ ಒಬ್ಬೊಬ್ಬ ಮನುಷ್ಯ ಇದ್ದ. ಭಾವನ ಕಾರುಗಳ ಹಿಂದೆ ಇರುವುದು ಕೊರಿಯರ್ ಹುಡುಗ ಒಬ್ಬನೇ.

ಇನ್ನು ಜಾಗದ ಹುಡುಕಾಟ. ಕಾರವಾರ ಅಂಕೋಲೆಗಳಲ್ಲಿ ಜಾಗ ಅಂದರೆ ನಗುವ ಮಾತಲ್ಲ. ಸೀಬರ್ಡ್ ನೌಕಾನೆಲೆಗೆ ಊರೂರೇ ಎದ್ದು ಹೋದವು, ಕೈಗಾಕ್ಕೆ ಕಾಡು ಹೋಯಿತು, ಕೊಂಕಣ ರೈಲಿಗೆ ಗದ್ದೆ ಹೋಯಿತು, ಚತುಷ್ಪಥ ಹೆದ್ದಾರಿಗೆ ಎಷ್ಟೋ ಮನೆಗಳ ಅಂಗಳ, ಜಗಲಿ ಹೋದವು. ಚುಟುಕು ಬ್ರಹ್ಮ ದಿನಕರ ದೇಸಾಯಿಯವರ ಅಲಗೇರಿಯಲ್ಲಿ ಈಗ ವಿಮಾನ ನಿಲ್ದಾಣಕ್ಕೆ ಜಮೀನು ಅಳೆದಿದ್ದಾರೆ. ಚುಟುಕಕ್ಕೆ ನಾಲ್ಕು ಸಾಲು ಸಾಕು, ರನ್‌ವೇಗೆ ಸಾಕಾಗುವುದಿಲ್ಲವಲ್ಲ. ಹೀಗೆ ಹೊರಗಿನಿಂದ ಒಬ್ಬೊಬ್ಬರೇ ಬಂದು ಜಾಗ ಕೇಳಿ ಅಭ್ಯಾಸವಾದ ಊರಲ್ಲಿ ಮನೆಯ ಯಜಮಾನನೇ ಬಂದು ಕೇಳಿದರೆ ಹೆಂಗಸರಿಗೆ ಏನನ್ನಿಸಬೇಡ? “ನೋಟೀಸು ಕೊಡಿ, ಪರಿಹಾರ ಎಷ್ಟು ಹೇಳಿ, ಮನೆಗೊಂದು ನೌಕರಿ ಕೊಡ್ತೀರಾ ಹೇಳಿ,” ಅಂದಳು ಅಕ್ಕ. ಜಿಲ್ಲೆಯ ಇತಿಹಾಸ ಓದಿದವಳಲ್ಲ, ಅನುಭವಿಸಿದವಳು.

ಮಾಳಿಗೆಯ ಮೇಲೆ ಇಡೋಣವೆಂದರೆ ಏಪ್ರಿಲಿನಲ್ಲಿ ಹಂಚಿನ ಕಾವಿಗೆ ಪ್ಲಾಸ್ಟಿಕ್ ರೆಕ್ಕೆಗಳು ಬಾಗುತ್ತವೆ, ಜುಲೈಯಲ್ಲಿ ಹಂಚಿನ ಸಂದಿಯಿಂದ ನೀರು. ಪಶ್ಚಿಮದ ಕೋಣೆಯ ಗೋಡೆಗೆ ಮಳೆ ನೇರ ಹೊಡೆಯುತ್ತದೆ. ಚಿರೆಕಲ್ಲಿನ ಗೋಡೆ ನೀರು ಕುಡಿದು ಕುಡಿದು ಆಗಸ್ಟಿನಲ್ಲಿ ಸುಣ್ಣ ಉಗುಳುತ್ತದೆ. ಪೂರ್ವದ ಕೋಣೆಗೆ ಬೆಳಗಿನ ಬಿಸಿಲು ಬಂದು ಕೆಂಪು ಬಣ್ಣ ಮೊದಲು ಮಾಸುತ್ತದೆ, ಫೆರಾರಿ ಗುಲಾಬಿಯಾಗುತ್ತದೆ. ಭಾವ ಟೇಪು ಹಿಡಿದು, ಗೋಡೆಗೆ ಅಂಗೈ ಒತ್ತಿ, ಮೂಗಿನಿಂದ ಮುಗ್ಗುಲು ವಾಸನೆ ಹಿಡಿದು ಇಡೀ ಮನೆ ಸರ್ವೆ ಮಾಡಿದರು. ಕೊನೆಗೆ ನಿಂತದ್ದು ಬಾಳಂತಿ ಕೋಣೆಯ ಹೊಸ್ತಿಲಲ್ಲಿ.

ಈಗಿನ ಮನೆಗಳಲ್ಲಿ ಇದು ಇಲ್ಲ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಹಳೇ ಮನೆಗಳ ನಡುವೆ, ಹೊರಗೋಡೆ ತಾಗದ ಹಾಗೆ, ಬಚ್ಚಲ ಒಲೆಯ ಪಕ್ಕಕ್ಕೆ ಒಂದು ಕತ್ತಲೆ ಕೋಣೆ. ಕಿಟಕಿ ಇಲ್ಲ, ಇದ್ದರೂ ಹಸ್ತದಷ್ಟು. ಬಾಗಿಲು ಗಿಡ್ಡ. ಪಕ್ಕದಲ್ಲಿ ಬಚ್ಚಲ ಒಲೆ ಸದಾ ಉರಿಯುತ್ತಿದ್ದುದರಿಂದ ಆ ಗೋಡೆ ಯಾವಾಗಲೂ ಬೆಚ್ಚಗೆ. ಹೊರಗೆ ಆರ್ದ್ರಾ ಮಳೆ ಹೊಯ್ಯುತ್ತಿದ್ದರೂ ಒಳಗೆ ತಾಯಿ ಮಗು ಬೆಚ್ಚಗಿರಬೇಕು, ಗಾಳಿ ತಾಗಬಾರದು, ತೇವ ತಾಗಬಾರದು, ಬೆಳಕು ಕಣ್ಣಿಗೆ ಹೊಡೆಯಬಾರದು. ಹೆರಿಗೆಗಳು ಆಸ್ಪತ್ರೆಗೆ ಹೋದ ಮೇಲೆ ಕೋಣೆಗೆ ಕೆಲಸ ಕಡಿಮೆಯಾಯಿತು, ಗಾಳಿಗೆ ಬೆಳಕಿಗೆ ಮಾತ್ರ ಅಲ್ಲಿ ಇನ್ನೂ ಪ್ರವೇಶವಿಲ್ಲ. ಮಾಡೆಲ್ ಸಂಗ್ರಹಿಸುವವರ ಪುಸ್ತಕಗಳಲ್ಲಿ ಬರೆದಿರುವುದೂ ಅದೇ ನಾಲ್ಕು ಮಾತು: ಬಿಸಿಲು ಬೇಡ, ತೇವ ಬೇಡ, ದೂಳು ಬೇಡ, ಉಷ್ಣತೆ ಏರಿಳಿಯಬಾರದು. ಅಜ್ಜಂದಿರು ಇಲ್ಲಿ ಮ್ಯೂಸಿಯಂ ಕಟ್ಟಿಟ್ಟು ಅದಕ್ಕೆ ಬಾಳಂತಿ ಕೋಣೆ ಅಂತ ಹೆಸರಿಟ್ಟಿದ್ದರು!

ಅಕ್ಕನ ಅತ್ತೆ ಒಪ್ಪಬೇಕಲ್ಲ. “ಆ ಕೋಣೆಲಿ ನಿನ್ನಪ್ಪ ಹುಟ್ಟಿದ, ನೀ ಹುಟ್ಟಿದೆ, ನಿನ್ನ ತಂಗಿಯರು ಹುಟ್ಟಿದ್ರು. ಈಗ ಅಲ್ಲಿ ಎಂತ ಹುಟ್ಟತದೆ?” ಅಂತ ಕೇಳಿದರು. ಭಾವ ಸಾವಧಾನವಾಗಿ, “ಏನೂ ಹುಟ್ಟೂದಿಲ್ಲ ಆಯಿ, ಸಾಯಬಾರದು ಅಂತ ಇಡ್ತೆ,” ಅಂದರು. ಮುದುಕಿಗೆ ಈ ಉತ್ತರ ಯಾಕೋ ಹಿಡಿಸಿತು. ಒಂದೇ ಷರತ್ತು: ತೊಲೆಯಲ್ಲಿರುವ ತೊಟ್ಟಿಲಿನ ಕೊಕ್ಕೆ ತೆಗೆಯಕೂಡದು. ಈಗಲೂ ಅದು ಅಲ್ಲೇ ಇದೆ, ಅದಕ್ಕೆ ಭಾವ 1:144ರ ಒಂದು ವಿಮಾನ ತೂಗುಹಾಕಿದ್ದಾರೆ. ತೂಗಿದರೆ ಬೇಡ ಅನ್ನುವುದಿಲ್ಲ.

ಶತ್ರು ಯಾರು ಅಂತ ಹೇಳಲಿಲ್ಲ ನೋಡಿ. ಉಪ್ಪು. ವರ್ಷಕ್ಕೆ ಹತ್ತಿರ ಹತ್ತಿರ 3000 ಮಿಲಿಮೀಟರ್ ಮಳೆ, ಉಳಿದ ದಿನಗಳಲ್ಲಿ ಕಡಲ ಗಾಳಿ. 1930ರ ಏಪ್ರಿಲ್ 13ರಂದು ಉಪ್ಪಿಗಾಗಿ ಸತ್ಯಾಗ್ರಹ ಹೂಡಿದ ಊರು ಅಂಕೋಲೆ. ಬ್ರಿಟಿಷರ ಕಾಯ್ದೆ ಮುರಿದು ಉಪ್ಪು ಗೆದ್ದುಕೊಂಡೆವು ಸರಿ, ಗೆದ್ದ ಉಪ್ಪು ಈಗ ಪುಕ್ಕಟೆಯಾಗಿ ಮನೆಮನೆಗೆ ಬಂದು ಕಿಟಕಿಯ ಸರಳು, ಫ್ರಿಜ್ಜಿನ ಬೆನ್ನು, ಸ್ಕೂಟರಿನ ಸೈಲೆನ್ಸರು ಎಲ್ಲವನ್ನೂ ತಿನ್ನುತ್ತದೆ. ಸಣ್ಣ ಕಾರುಗಳು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದವು. ಹಳೇ ಕಾಲದ ಎರಕದಲ್ಲಿ ಚೂರು ಸೀಸ ಬೆರೆತಿದ್ದರೆ, ಬೆಚ್ಚಗೆ ತೇವವಾದ ಹವೆಯಲ್ಲಿ ಲೋಹ ಒಳಗಿಂದಲೇ ಬಿರಿದು, ಬಣ್ಣ ಗುಳ್ಳೆಯೆದ್ದು, ಕೊನೆಗೆ ಪುಡಿಯಾಗುತ್ತದೆ. ಅದಕ್ಕೆ ಮದ್ದಿಲ್ಲ. ಟೈರುಗಳದ್ದು ಇನ್ನೊಂದು ಕಥೆ. ಮೆದು ಪ್ಲಾಸ್ಟಿಕ್ಕಿನ ಟೈರಿನಿಂದ ಎಣ್ಣೆಯಂಥದ್ದು ಜಿನುಗಿ ತಾನು ಕೂತ ಚಕ್ರವನ್ನೇ ಕರಗಿಸುತ್ತದೆ. ಪ್ಯಾಕೆಟ್ ಒಡೆಯದೆ ಇಟ್ಟರೆ ಬೆಲೆ ಹೆಚ್ಚು ಅನ್ನುವ ಒಂದು ಪಂಥವಿದೆ. ಆ ಪಂಥದವರು ಒಣ ಪ್ರದೇಶದವರು. ಇಲ್ಲಿ ಜುಲೈಯಲ್ಲಿ ಪ್ಯಾಕೆಟ್ಟಿನ ರಟ್ಟಿಗೆ ಮೊದಲು ಬೂಷ್ಟು, ಆಮೇಲೆ ಬೆಳ್ಳಗಿನ ಹುಳ, ಕೊನೆಗೆ ಹಲ್ಲಿಯ ಮೊಟ್ಟೆ. ಭಾವನ ಬಳಿ ಪ್ಯಾಕೆಟ್ ಒಡೆಯದ ಒಂದು ಮಸ್ಟಾಂಗ್ ಇದೆ. ಒಳಗೆ ಕಾರು ಭದ್ರವಾಗಿದೆ, ಹೊರಗೆ ಅದು ಮಸ್ಟಾಂಗ್ ಅಂತ ಹೇಳುವ ಅಕ್ಷರಗಳನ್ನು ಹುಳ ಓದಿ ಮುಗಿಸಿದೆ.

ಹಾಗಾಗಿ ಪ್ರತಿ ಕಪಾಟಿನಲ್ಲೂ ಸಿಲಿಕಾ ಜೆಲ್ಲಿನ ಪೊಟ್ಟಣ. ಒಣಗಿದ್ದಾಗ ನೀಲಿ, ನೀರು ಹೀರಿದಾಗ ಗುಲಾಬಿ, ಬಿಸಿ ಮಾಡಿದರೆ ಮತ್ತೆ ನೀಲಿ. ಅಂಕೋಲೆಯ ಮಳೆಗೆ ಅವು ಬೆಳಿಗ್ಗೆ ನೀಲಿ ಇದ್ದದ್ದು ಮಧ್ಯಾಹ್ನಕ್ಕೆ ನಾಚಿಕೊಳ್ಳುತ್ತವೆ. ಭಾವ ಅವನ್ನು ಅಕ್ಕನ ಶೇಂಗಾ ಹುರಿಯುವ ಬಾಣಲೆಗೆ ಹಾಕಿ ಹುರಿಯುತ್ತಿದ್ದಾಗ ಸಿಕ್ಕಿಬಿದ್ದರು. ವಿಷದ ಹರಳು ಹುರಿದ ಬಾಣಲೆ ಅಡುಗೆಮನೆಯಿಂದ ಗಡೀಪಾರಾಯಿತು. ಹವೆಯ ತೇವ ತೆಗೆಯುವ ಯಂತ್ರ ತರೋಣವೆಂದರೆ, ಮಳೆ ಜೋರಾದಾಗಲೇ ಕರೆಂಟು ಹೋಗುವುದು. ಬಚ್ಚಲ ಒಲೆಗೆ ಕರೆಂಟು ಬೇಕಾಗಿಲ್ಲ. ಹಾಗಾಗಿ ಸೋಲಾರ್ ಬಂದ ಮೇಲೆ ತಣ್ಣಗಾಗಿದ್ದ ಒಲೆಗೆ ಮತ್ತೆ ಬೆಂಕಿ ಬಿತ್ತು, ತೆಂಗಿನ ಗರಿ, ಮಡಲು ಒಟ್ಟುವ ಕೆಲಸ ನಿವೃತ್ತ ಬ್ಯಾಂಕ್ ಮ್ಯಾನೇಜರರಿಗೆ ಬಿತ್ತು. ಬೆಳಗಿನ ಜಾವ ಎದ್ದು ಒಲೆ ಹೊತ್ತಿಸಿ, ಕೋಣೆಯ ಗೋಡೆ ಬೆಚ್ಚಗಾಯಿತಾ ಅಂತ ಕೈಯಿಟ್ಟು ನೋಡಿ, ಮೆತ್ತನೆಯ ಕುಂಚದಿಂದ ಒಂದೊಂದೇ ಕಾರಿನ ಮೈ ಒರೆಸಿ, ಬಾಗಿಲು ಸದ್ದಾಗದ ಹಾಗೆ ಮುಚ್ಚಿ ಹೊರಗೆ ಬರುತ್ತಾರೆ. ಅಕ್ಕ ನನ್ನ ಹತ್ತಿರ ಹೇಳಿದ್ದು: “ತಮಾ, ಇದೇ ಕೋಣೆಲಿ ನಾ ಎರಡು ಬಾಳಂತನ ಮಾಡ್ಕಂಡೆ. ಆಗ ಈ ಮನುಷ್ಯ ಶಿರಸಿ ಬ್ರಾಂಚಲ್ಲಿದ್ರು. ಒಂದ್ ದಿನ ಒಲೆಗೆ ಒಂದ್ ಕಟ್ಟಿಗೆ ದೂಡಿದ್ದಿಲ್ಲ.”

ಕಪಾಟು ಮಾಡಲು ಬಂದ ಆಚಾರಿ ನಕ್ಷೆ ನೋಡಿ ತಬ್ಬಿಬ್ಬಾದ. ಆರು ಸೆಂಟಿಮೀಟರ್ ಎತ್ತರದ ಖಾನೆಗಳು, ಮೇಲಿಂದ ಕೆಳತನಕ. “ಸಾಹೇಬ್ರೆ, ಮಸಾಲೆ ಅಂಗಡಿ ಇಡ್ತ್ರಾ?” ಅಂದ. ಹಲಸಿನ ಹಲಗೆ ಹಾಕೋಣ, ಸಾಗವಾನಿ ಚೌಕಟ್ಟು ಕೊಡೋಣ ಅಂತ ಅವನ ಆಸೆ. ಹೊಸ ಮರ, ಹೊಸ ಪ್ಲೈವುಡ್ಡು, ಹೊಸ ಅಂಟು, ಎಲ್ಲದರಿಂದಲೂ ಆವಿ ಹೊರಡುತ್ತದೆ, ಮುಚ್ಚಿದ ಗಾಜಿನೊಳಗೆ ಅದು ಲೋಹವನ್ನು ಮಂಕಾಗಿಸುತ್ತದೆ ಅಂತ ಭಾವ ಓದಿಕೊಂಡಿದ್ದರು. ಆದ್ದರಿಂದ ಕಪಾಟು ತಯಾರಾದ ಮೇಲೂ ವಾರಗಟ್ಟಲೆ ಬಾಗಿಲು ತೆರೆದು ಖಾಲಿ ಬಿಡಬೇಕು ಅಂದರು. ಖಾಲಿ ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ತಡ, ಅಕ್ಕನ ಅತ್ತೆ ಹಪ್ಪಳ ತಂದು ಖಾನೆಗಳಲ್ಲಿ ಹರವಿದರು. ಅಳತೆ ಸರಿಯಾಗಿ ಹೊಂದಿತ್ತಂತೆ, ಹಪ್ಪಳ ಅಷ್ಟು ಚೆನ್ನಾಗಿ ಎಂದೂ ಒಣಗಿರಲಿಲ್ಲವಂತೆ. ಎರಡನೇ ಕಪಾಟನ್ನು ತಮಗೇ ಬಿಟ್ಟುಕೊಡಬೇಕೆಂದು ಅವರು ಈಗಲೂ ವಾದಿಸುತ್ತಾರೆ.

ಇಷ್ಟೆಲ್ಲ ಹುಚ್ಚು ಭಾವನಿಗೆ ಹಿಡಿಸಿದ್ದು ಯಾರು? ನಮ್ಮ ಕಾರವಾರವೇ. ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ ಐಎನ್‌ಎಸ್ ಚಪಲ್ ನೋಡಿದ್ದೀರಲ್ಲ? ಸೋವಿಯತ್ ದೇಶದಲ್ಲಿ ಕಟ್ಟಿದ ಕ್ಷಿಪಣಿ ದೋಣಿ. 1976ರಲ್ಲಿ ನೌಕಾಪಡೆಗೆ ಸೇರಿತು, 2005ರಲ್ಲಿ ನಿವೃತ್ತಿಯಾಯಿತು, ಮರುವರ್ಷ ಮರಳ ಮೇಲೆ ಬಂದು ಮ್ಯೂಸಿಯಂ ಆಯಿತು. 38 ಮೀಟರಿಗೂ ಮೀರಿದ ಉದ್ದ. ಅದನ್ನು ನೋಡಲು ಬಂದವರಲ್ಲಿ ಯಾರಾದರೊಬ್ಬರು ‘ಇದೇ 1971ರಲ್ಲಿ ಕರಾಚಿಗೆ ಬೆಂಕಿ ಹಚ್ಚಿದ್ದು’ ಅಂದೇ ಅನ್ನುತ್ತಾರೆ. ಪಕ್ಕದಲ್ಲಿ ಭಾವ ಇದ್ದರೆ ಅವರ ಗತಿ ಮುಗಿಯಿತು. ಮೊದಲ ದಾಳಿಗೆ ಕರಾಚಿಗೆ ಹೋದದ್ದು ನಿಪಾತ್, ನಿರ್ಘಾತ್, ವೀರ್. ಈ ಚಪಲ್ ಆಗ ನೌಕಾಪಡೆಯಲ್ಲೇ ಇರಲಿಲ್ಲ ಅಂತ ಆ ಅಪರಿಚಿತ ಕುಟುಂಬವನ್ನು ಬಿಸಿಲಲ್ಲಿ ನಿಲ್ಲಿಸಿ ವಿವರಿಸುತ್ತಾರೆ. ಹೆಂಗಸರು ಐಸ್‌ಕ್ರೀಮಿನ ಕಡೆ ನೋಡುತ್ತಾರೆ.

ಈಚೆಗೆ ಅದರ ಪಕ್ಕ ಟುಪೊಲೆವ್-142 ವಿಮಾನವೂ ಬಂದಿದೆ. 53 ಮೀಟರ್ ಉದ್ದ, 50 ಮೀಟರ್ ರೆಕ್ಕೆ. 1988ರಿಂದ 2017ರವರೆಗೆ ಕಡಲ ಕಾವಲು ಕಾಯ್ದ ಜಾತಿ. ಬಂದದ್ದು ಹೇಗೆ? ಹಾರಿಕೊಂಡಲ್ಲ. ಬಿಚ್ಚಿ, ಬಿಡಿಬಿಡಿ ಭಾಗಗಳಾಗಿ ಲಾರಿಗಳ ಮೇಲೆ ರಸ್ತೆ ದಾರಿಯಲ್ಲಿ ಬಂದು, ಇಲ್ಲಿ ಮರಳಿ ಜೋಡಿಸಿಕೊಂಡಿತು. ಭಾವನಿಗೆ ಆಗ ಆದ ಆನಂದ ಹೇಳತೀರದು. “ನೋಡು ಮಾರಾಯ, ಸರ್ಕಾರವೂ ಕಿಟ್ ತರಿಸ್ತು! ಅಳತೆ ಒಂದಕ್ಕೆ ಒಂದು, ಅಷ್ಟೇ. ನಾನು ಮಾಡಿದ್ರೆ ಹುಚ್ಚು, ನೌಕಾಪಡೆ ಮಾಡಿದ್ರೆ ಮ್ಯೂಸಿಯಂ?” ಈ ತರ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಕ್ಕನಲ್ಲಿತ್ತು: “ಅವರು ಬೀಚಲ್ಲಿ ಇಟ್ಕಂಡಿದ್ರು, ಬಾಳಂತಿ ಕೋಣೆಲಿ ಅಲ್ಲ. ಮತ್ತೆ ಟಿಕೇಟು ಇಟ್ರು.”

ಅಂಗಡಿಯಲ್ಲಿ ಸಿಗುವ ಕಾರುಗಳ ಬಗ್ಗೆ ನನ್ನದೊಂದು ತಕರಾರು ಮೊದಲಿನಿಂದಲೂ ಇತ್ತು. ಫೆರಾರಿ ಇದೆ, ಬುಗಾಟಿ ಇದೆ, ಬ್ಯಾಟ್‌ಮ್ಯಾನ್ ಕಾರಿದೆ. ಮೂರೂ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ಕಾಣದವು. ಮೀನು ಬುಟ್ಟಿಗಳ ನಡುವೆ ಮೊಣಕಾಲು ಮಡಚಿ ಕೂತು ನಾವು ಓಡಾಡಿದ ಟೆಂಪೋ ಎಲ್ಲಿ? ಐಸ್ ನೀರು ಸೋರಿಸುತ್ತ ಗೋವೆಗೆ ಓಡುವ ಮೀನಿನ ಲಾರಿ ಎಲ್ಲಿ? ಬೈತಖೋಲದ ಪರ್ಸೀನ್ ಬೋಟು ಎಲ್ಲಿ? ಅಂಕೋಲೆಯಿಂದ ಹುಬ್ಬಳ್ಳಿಗೆ ಘಟ್ಟ ಹತ್ತುವ ಕೆಂಪು ಬಸ್ಸು ಎಲ್ಲಿ? ಯಾವ ಅಂಗಡಿಯಲ್ಲೂ ನನಗೆ ಅದು ಕಂಡಿಲ್ಲ. ಈ ಮಾತು ಭಾವನಿಗೆ ಚುರುಕ್ಕೆಂದಿರಬೇಕು. ಫೋಮ್ ಶೀಟು ತಂದು, ಬ್ಲೇಡು ಹಿಡಿದು ಕೂತೇಬಿಟ್ಟರು. ಮಳೆಗಾಲದಲ್ಲಿ ಕೂತದ್ದು ಅವರ ಹಣೆಬರಹ. ತೇವದ ಹವೆಗೆ ಫೆವಿಕ್ವಿಕ್ ಒಣಗುವಾಗ ಸುತ್ತ ಬಿಳಿ ಮಬ್ಬು ಕಟ್ಟುತ್ತದೆ, ಸ್ಪ್ರೇ ಬಣ್ಣವೂ ಹಾಲು ಬಿದ್ದ ಹಾಗೆ ಬೆಳ್ಳಗಾಗುತ್ತದೆ. ಬಸ್ಸಿನ ಕಿಟಕಿ ಗಾಜುಗಳೆಲ್ಲ ಮಬ್ಬು. ನೋಡಿದವರೆಲ್ಲ, “ಅರಬೈಲು ಘಟ್ಟದ ಮಂಜು! ಎಷ್ಟು ಚೆಂದ ಮಾಡಿದ್ರಿ!” ಅಂದರು. ಭಾವ ಅಲ್ಲ ಅನ್ನಲಿಲ್ಲ. ಈಗ ಆ ಕೋಣೆಯಲ್ಲಿ ಜನ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಆ ಬಸ್ಸಿನ ಮುಂದೆ ಮಾತ್ರ. ಬೋರ್ಡು ಓದುತ್ತಾರೆ, ಹಿಂದಿನ ಏಣಿ ಮುಟ್ಟಲು ಹೋಗಿ ಬೈಸಿಕೊಳ್ಳುತ್ತಾರೆ, ತಾವು ಯಾವ ಸೀಟಿನಲ್ಲಿ ಕೂತು ವಾಂತಿ ಮಾಡಿಕೊಂಡಿದ್ದೆವು ಅಂತ ತೋರಿಸುತ್ತಾರೆ.

ಬಂದವರ ಬಗ್ಗೆ ಒಂದು ಮಾತು. ನೋಡುವವರಿಲ್ಲದೆ ಇಂಥ ಕೋಣೆಗೆ ಅರ್ಥವಿಲ್ಲವಷ್ಟೆ. ಆದರೆ ಬರುವವರ ಪ್ರಶ್ನೆಗಳು ಎರಡೇ: ‘ರೇಟೆಷ್ಟು?’ ಮತ್ತು ‘ಓಡ್ತದಾ?’ ಮೊದಲನೆಯದಕ್ಕೆ ಅಕ್ಕ ಹತ್ತಿರ ಇದ್ದರೆ ಒಂದು ಉತ್ತರ, ಇಲ್ಲದಿದ್ದರೆ ಇನ್ನೊಂದು. ಎರಡನೆಯದಕ್ಕೆ ಭಾವ ನೊಂದುಕೊಳ್ಳುತ್ತಾರೆ. ಮನೆಗೆ ಮೀನು ಕೊಡುವ ಹೆಂಗಸು ಬುಟ್ಟಿ ಇಳಿಸಿ ಒಳಗೆ ಬಂದು, ಎಲ್ಲವನ್ನೂ ನಿಧಾನವಾಗಿ ನೋಡಿ, “ಇಷ್ಟೆಲ್ಲಾ ಗಾಡಿ ಇದ್ಕಂಡು ನೀವು ಬಜಾರಿಗೆ ನಡ್ಕಂಡೇ ಹೋತ್ರಿ!” ಅಂತ ಕನಿಕರಪಟ್ಟಳು. ನೆಂಟರ ಮಕ್ಕಳು ಬಂದ ದಿನ ಒಂದು ಹಳದಿ ಟಿಪ್ಪರ್ ಲಾರಿ ಮಾಯವಾಯಿತು. ಭಾವ ಊಟ ಬಿಟ್ಟರು. ಅಕ್ಕನೇ ಸಮಾಧಾನ ಮಾಡಿದಳು. 2010ರಲ್ಲಿ ಇದೇ ತಾಲ್ಲೂಕಿನ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರೇ ಕಾಣೆಯಾಯಿತು, ಇಡೀ ರಾಜ್ಯ ನೋಡುತ್ತಾ ಕೂತಿತು. ಇದು ಖಾಲಿ ಲಾರಿ, ಹೋದರೆ ಹೋಯಿತು ಅಂದಳು. ಲಾರಿ ಮರುದಿನ ಅಕ್ಕಿ ಡ್ರಮ್ಮಿನಲ್ಲಿ ಸಿಕ್ಕಿತು, ತುಂಬ ಲೋಡು ಸಮೇತ.

ಮೇ ತಿಂಗಳಲ್ಲಿ ಹೆದರಿದ ಹಾಗೆಯೇ ಆಯಿತು. ಇಶಾಡ ಮರ ಈ ಸಲ ಬಾಗಿ ಕಾಯಿ ಬಿಟ್ಟಿತ್ತು, ಅಡೆ ಹಾಕಲು ಮನೆಯಲ್ಲಿ ಬೆಚ್ಚಗಿನ ಕೋಣೆ ಅಂತ ಉಳಿದದ್ದು ಅದೊಂದೇ. 2023ರಲ್ಲಿ ಅಂಕೋಲೆಯ ಕರಿ ಇಶಾಡಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ನಿಮ್ಮ ಕಾರಿಗೆ ಏನು ಸಿಕ್ಕಿದೆ ಅಂತ ಅಕ್ಕ ದಾಖಲೆ ಸಮೇತ ಕೇಳಿದಳು. ಹಣ್ಣಾಗುವಾಗ ಕಾಯಿ ಬೆವರುತ್ತದೆ, ತೇವ ಬಿಡುತ್ತದೆ ಅಂತ ಭಾವ ವಿಜ್ಞಾನ ಮುಂದಿಟ್ಟರು. ಅತ್ತೆ ಹಪ್ಪಳದ ಹಕ್ಕು ಮುಂದಿಟ್ಟರು. ಪಂಚಾಯಿತಿಗೆ ನನ್ನನ್ನು ಕಾರವಾರದಿಂದ ಕರೆಸಿದರು. ತೀರ್ಪು ಹೀಗೆ: ನೆಲ ಮಾವಿಗೆ, ಗೋಡೆ ಕಾರಿಗೆ, ಸಿಲಿಕಾ ಜೆಲ್ಲು ಎರಡು ಪಟ್ಟು. ಆ ಒಂದು ತಿಂಗಳು ಬಂದವರೆಲ್ಲ ಕೋಣೆಯನ್ನು ಬಹಳ ಹೊತ್ತು ಮೆಚ್ಚಿಕೊಂಡು ನೋಡಿದರು. ಭಾವ ಖುಷಿಯಿಂದ ಉಬ್ಬಿದರು, ಅವರೆಲ್ಲ ಕೆಳಗೆ ನೋಡುತ್ತಿದ್ದರು ಅಂತ ಯಾರೂ ಹೇಳಲಿಲ್ಲ.

ಈಗ ಹೊಸ ಸುದ್ದಿ. ಕಾರವಾರದ ನೆಲೆಯ ವಿಮಾನವಾಹಕ ಐಎನ್‌ಎಸ್ ವಿಕ್ರಮಾದಿತ್ಯದ ಮಾದರಿ ಮಾಡಬೇಕೆಂದು ಭಾವ ಹೊರಟಿದ್ದಾರೆ. ನಿಜವಾದ ಹಡಗು 284 ಮೀಟರ್. 1:700ರಲ್ಲಿ ಮಾಡಿದರೆ 40 ಸೆಂಟಿಮೀಟರ್, ಮೇಜಿನ ಮೇಲೆ ಕೂರುತ್ತದೆ. 1:350ರಲ್ಲಿ 81, ಕಪಾಟಿನ ಮೇಲೆ ಕೂರುತ್ತದೆ. ಅಷ್ಟಕ್ಕೆ ನಿಲ್ಲಬಾರದೇ? ಕೊಕ್ಕೆಯಲ್ಲಿ ತೂಗುವ ಒಂದನ್ನು ಬಿಟ್ಟರೆ ತಮ್ಮ ಹತ್ತಿರವಿರುವ ವಿಮಾನಗಳೆಲ್ಲ 1:72, ಅವು ಹಡಗಿನ ಮೇಲೆ ಇಳಿಯಬೇಕಾದರೆ ಹಡಗೂ 1:72 ಆಗಬೇಕು ಅನ್ನುತ್ತಾರೆ. ಅಂದರೆ ಹತ್ತಿರ ಹತ್ತಿರ ನಾಲ್ಕು ಮೀಟರ್. ಬಾಳಂತಿ ಕೋಣೆಯ ಬಾಗಿಲಲ್ಲಿ ಅದು ತಿರುಗುವುದಿಲ್ಲ. ಮೊನ್ನೆ ಭಾವ ಟೇಪು ಹಿಡಿದು ಕೊಟ್ಟಿಗೆಯ ಹತ್ತಿರ ಸುಳಿದಾಡುತ್ತಿದ್ದುದನ್ನು ಅಕ್ಕ ಅಡುಗೆಮನೆಯ ಕಿಟಕಿಯಿಂದ ಕಂಡಳು. ದನ ಮಾರಿದ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿದೆ. ಅಕ್ಕ ಏನೂ ಮಾತಾಡಲಿಲ್ಲ. ನನಗೆ ಫೋನು ಮಾಡಿ ಹಾಲು ಕರೆಯುವ ಒಳ್ಳೇ ಎಮ್ಮೆ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿದಳು. ಅವರ್ಸೆಯಲ್ಲಿ ಒಂದನ್ನು ನೋಡಿ ಮುಂಗಡ ಕೊಟ್ಟಾಗಿದೆ, ಸೋಮವಾರ ಬರುತ್ತದೆ. ಭಾವನಿಗೆ ಇನ್ನೂ ಗೊತ್ತಿಲ್ಲ. ಫೋಮ್ ಶೀಟಿಗೆ ಹುಬ್ಬಳ್ಳಿಗೆ ಆರ್ಡರ್ ಹಾಕಿ ಬಂದಿದ್ದಾರೆ, ಅದೂ ಸೋಮವಾರವೇ ಬರುತ್ತದಂತೆ.